ಯಾಕೆ ಮಾಡಿದ ಎನ್ನುವ ಮೊದಲು, ಹೇಗೆ ಸಾಧ್ಯವಾಯಿತು ಎಂದು ಕೇಳಿ

ಕೊಲೆಯೋ ದರೋಡೆಯೋ ಸುದ್ದಿಯಾದ ಕೂಡಲೇ ಎಲ್ಲರ ಬಾಯಲ್ಲೂ ಬರುವುದು ಒಂದೇ ಮಾತು: ಇವನೆಂಥ ಮನುಷ್ಯ? ಬಡತನವೇ ಕಾರಣವೋ, ಬೆಳೆಸಿದ ರೀತಿಯೋ, ಕುಡಿತವೋ, ಹುಟ್ಟುಗುಣವೋ? ಅಪರಾಧಶಾಸ್ತ್ರವೂ ತನ್ನ ಆಯುಷ್ಯದ ಬಹುಪಾಲನ್ನು ಈ ಪ್ರಶ್ನೆಗೇ ಸುರಿದಿದೆ. ಅದರಿಂದ ಏನೂ ಸಿಕ್ಕಿಲ್ಲ ಎಂದಲ್ಲ. ಆದರೆ ಒಂದು ಬೀದಿಯಲ್ಲಿ ಬೈಕ್ ಕಳವು ನಿಲ್ಲಿಸಲು ಹೊರಟವರಿಗೆ ಅದರಿಂದ ಕೈಗೆ ಹತ್ತುವುದು ಬಹಳ ಕಡಿಮೆ. ನಡೆದ ಕೃತ್ಯವನ್ನೇ ಎಳೆಎಳೆಯಾಗಿ ಬಿಡಿಸಿ ನೋಡಿದರೆ ಸಿಗುವುದು ಎಷ್ಟೋ ಹೆಚ್ಚು. ಈ ಎರಡನೇ ದಾರಿಯನ್ನು ನಮ್ಮ ಚರ್ಚೆಗಳಲ್ಲಿ ಯಾರೂ ಅಷ್ಟಾಗಿ ಎತ್ತುವುದಿಲ್ಲವಾದ್ದರಿಂದ ಅದನ್ನು ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇನೆ.

ಮೊದಲ ದಾರಿ ಎಲ್ಲಿ ಎಡವಿತು ಎಂಬುದನ್ನು ನೋಡಿಬಿಡೋಣ. ಇಟಲಿಯ ವೈದ್ಯ ಚೆಸಾರೆ ಲೊಂಬ್ರೊಸೊ 1876ರಲ್ಲಿ ಕೈದಿಗಳ ತಲೆಬುರುಡೆ, ದವಡೆ, ಕಿವಿಗಳನ್ನು ಅಳೆದು ಅಪರಾಧಿಗಳದ್ದೇ ಒಂದು ಬೇರೆ ಜಾತಿ ಇದೆ ಎಂದ. ಇಂಗ್ಲೆಂಡಿನ ಕಾರಾಗೃಹ ವೈದ್ಯ ಚಾರ್ಲ್ಸ್ ಗೋರಿಂಗ್ ಸುಮಾರು 3,000 ಕೈದಿಗಳನ್ನು ಅಳೆದು, ಕೈದಿಗಳಲ್ಲದವರ ಅಳತೆಗಳ ಜೊತೆ ಹೋಲಿಸಿ 1913ರಲ್ಲಿ ಫಲಿತಾಂಶ ಪ್ರಕಟಿಸಿದ. ಲೊಂಬ್ರೊಸೊ ಹೇಳಿದ ದೇಹಲಕ್ಷಣದ ಜಾತಿ ಎಲ್ಲೂ ಕಾಣಲಿಲ್ಲ. ಬುರುಡೆ ಅಳೆಯುವ ಕಾಲ ಮುಗಿದರೂ ಲೊಂಬ್ರೊಸೊನ ಮೂಲ ತಪ್ಪು ಇನ್ನೂ ಜೀವಂತವಾಗಿದೆ. ಜೈಲಿನಲ್ಲಿರುವವರು ಅಪರಾಧ ಮಾಡಿದವರೆಲ್ಲರ ಮಾದರಿಯಲ್ಲ. ದೂರು ದಾಖಲಾಗಬೇಕು, ಆರೋಪಿ ಸಿಗಬೇಕು, ಸಾಕ್ಷ್ಯ ನಿಲ್ಲಬೇಕು, ಶಿಕ್ಷೆಯಾಗಬೇಕು. ಇಷ್ಟು ಜರಡಿಗಳನ್ನು ದಾಟಿ ಉಳಿದವರಷ್ಟೇ ಅಲ್ಲಿರುತ್ತಾರೆ. ವಕೀಲರನ್ನು ಇಡಲಾರದವರು, ಅವಸರದಲ್ಲಿ ಕೆಲಸ ಮಾಡಿ ಸಿಕ್ಕಿಬಿದ್ದವರು ಅವರಲ್ಲಿ ಹೆಚ್ಚು. ‘ಕೈದಿಗಳಲ್ಲಿ ಇಷ್ಟು ಮಂದಿ ಶಾಲೆ ಬಿಟ್ಟವರು, ಆದ್ದರಿಂದ ಶಾಲೆ ಬಿಡುವುದೇ ಕಾರಣ’ ಎನ್ನುವ ವರದಿ ಕಂಡಾಗಲೆಲ್ಲ ಎರಡು ಪ್ರಶ್ನೆ ಕೇಳಬೇಕು. ಕೈದಿಗಳಾಗದ, ಅದೇ ವಯಸ್ಸಿನ, ಅದೇ ಬಡಾವಣೆಯವರಲ್ಲಿ ಶಾಲೆ ಬಿಟ್ಟವರೆಷ್ಟು? ಸಿಕ್ಕಿಬೀಳದೆ ಉಳಿದವರಲ್ಲಿ ಎಷ್ಟು?

ವ್ಯಕ್ತಿಯ ಕುರಿತು ಗಟ್ಟಿಯಾಗಿ ಹೇಳಬಹುದಾದ ಒಂದು ಸಂಗತಿ ವಯಸ್ಸು. ಬೆಲ್ಜಿಯಂನ ಅಡಾಲ್ಫ್ ಕೆಟಲೆ 1831ರಲ್ಲೇ ಫ್ರಾನ್ಸಿನ ನ್ಯಾಯಾಲಯದ ಅಂಕಿಅಂಶಗಳಿಂದ ಇದನ್ನು ಗುರುತಿಸಿದ್ದ. ಇಂದಿನ ದತ್ತಾಂಶಗಳಲ್ಲಿ ಕಳವು, ಹೊಡೆದಾಟದಂಥ ಅಪರಾಧಗಳ ಗೆರೆ ಹದಿಹರೆಯದಲ್ಲಿ ಕಡಿದಾಗಿ ಏರಿ, ಅದರ ಕೊನೆಯಲ್ಲಿ ತುದಿ ಮುಟ್ಟಿ, ಇಪ್ಪತ್ತರ ನಂತರ ಇಳಿಯುತ್ತ ಹೋಗುತ್ತದೆ. ಇನ್ನೊಂದು ಸಂಗತಿ, ಅಪರಾಧ ಕೆಲವೇ ಜನರಲ್ಲಿ ಸಾಂದ್ರವಾಗಿರುವುದು. 1945ರಲ್ಲಿ ಹುಟ್ಟಿ ಫಿಲಡೆಲ್ಫಿಯಾದಲ್ಲಿ ಬೆಳೆದ 9,945 ಹುಡುಗರ ದಾಖಲೆಯನ್ನು ಮಾರ್ವಿನ್ ವುಲ್ಫ್‌ಗ್ಯಾಂಗ್ ತಂಡ ಜಾಲಾಡಿ 1972ರಲ್ಲಿ ಪ್ರಕಟಿಸಿತು. ಅವರಲ್ಲಿ 627 ಮಂದಿ, ಅಂದರೆ ಸುಮಾರು ಶೇ 6ರಷ್ಟು ಹುಡುಗರು, ಒಟ್ಟು ಅಪರಾಧಗಳಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಮಾಡಿದ್ದರು.

ಇದನ್ನು ಓದಿದ ಯಾರಿಗಾದರೂ ಹೊಳೆಯುವುದು: ಆ ಶೇ 6ನ್ನು ಮೊದಲೇ ಗುರುತಿಸಿಬಿಟ್ಟರೆ? ಲೆಕ್ಕ ಹಾಕಿ ನೋಡಿ. 1,000 ಹುಡುಗರಲ್ಲಿ 60 ಮಂದಿ ಮುಂದೆ ಪದೇಪದೇ ಅಪರಾಧ ಮಾಡುವವರು ಎನ್ನೋಣ. ನಮ್ಮ ಪರೀಕ್ಷೆ ಬಹಳ ಚೆನ್ನಾಗಿದೆ, ಅಂಥ ನೂರರಲ್ಲಿ 80 ಮಂದಿಯನ್ನು ಹಿಡಿಯುತ್ತದೆ, ಅಲ್ಲದ ನೂರರಲ್ಲಿ 80 ಮಂದಿಯನ್ನು ಸರಿಯಾಗಿ ಬಿಡುತ್ತದೆ ಎಂದುಕೊಳ್ಳಿ. 60ರಲ್ಲಿ 48 ಮಂದಿ ಸಿಕ್ಕರು. ಉಳಿದ 940ರಲ್ಲಿ ಶೇ 20, ಅಂದರೆ 188 ಮಂದಿಗೆ ಸುಮ್ಮನೆ ಹಣೆಪಟ್ಟಿ ಬಿತ್ತು. ಒಟ್ಟು 236 ಮಂದಿಯನ್ನು ‘ಅಪಾಯಕಾರಿ’ ಎಂದು ಬರೆದುಕೊಂಡೆವು, ಅದರಲ್ಲಿ ಸರಿಯಾದದ್ದು ಐವರಲ್ಲಿ ಒಬ್ಬ. ಪರೀಕ್ಷೆ ಕೆಟ್ಟದ್ದಾಗಿರುವುದರಿಂದ ಹೀಗಾಗುವುದಿಲ್ಲ, ಹುಡುಕುತ್ತಿರುವ ಗುಂಪು ಚಿಕ್ಕದಾಗಿರುವುದರಿಂದ ಹೀಗಾಗುತ್ತದೆ. ತಂತ್ರಾಂಶ ಎಷ್ಟೇ ಹೊಸದಿರಲಿ, ಈ ಗಣಿತ ಬದಲಾಗುವುದಿಲ್ಲ.

ಹಣೆಪಟ್ಟಿ ಹಚ್ಚಿ ಒಳ್ಳೆಯದನ್ನೇ ಮಾಡಿದರೆ ನಷ್ಟವೇನು ಎನ್ನಬಹುದು. ಮ್ಯಾಸಚೂಸೆಟ್ಸ್‌ನ ಕೇಂಬ್ರಿಜ್ ಮತ್ತು ಸೊಮರ್‌ವಿಲ್‌ನಲ್ಲಿ 1939ರಲ್ಲಿ ಶುರುವಾದ ಯೋಜನೆಯಲ್ಲಿ 506 ಹುಡುಗರನ್ನು ಜೋಡಿಜೋಡಿಯಾಗಿ ಹೊಂದಿಸಿ, ಪ್ರತಿ ಜೋಡಿಯಲ್ಲಿ ಒಬ್ಬನಿಗೆ ವರ್ಷಗಟ್ಟಲೆ ಆಪ್ತಸಲಹೆ, ಪಾಠ, ವೈದ್ಯಕೀಯ ನೆರವು, ಬೇಸಿಗೆ ಶಿಬಿರ ಎಲ್ಲ ಕೊಟ್ಟರು. ಜೋನ್ ಮೆಕಾರ್ಡ್ ಮೂವತ್ತು ವರ್ಷಗಳ ನಂತರ ಅವರನ್ನೆಲ್ಲ ಹುಡುಕಿ 1978ರಲ್ಲಿ ಬರೆದ ಫಲಿತಾಂಶ ಕಳವಳ ಹುಟ್ಟಿಸುವಂಥದ್ದು. ನೆರವು ಪಡೆದವರಲ್ಲೇ ಮರು ಅಪರಾಧ, ಕುಡಿತದ ಚಟ, ಬೇಗ ಸಾವು ಹೆಚ್ಚಾಗಿದ್ದವು. ಮುಂದಿನ ವಿಶ್ಲೇಷಣೆಯಲ್ಲಿ, ಬೇಸಿಗೆ ಶಿಬಿರಕ್ಕೆ ಒಂದಕ್ಕಿಂತ ಹೆಚ್ಚು ಸಲ ಹೋದವರ ಸ್ಥಿತಿ ಎಲ್ಲರಿಗಿಂತ ಕೆಟ್ಟದಾಗಿತ್ತೆಂದು ಗೊತ್ತಾಯಿತು. ತುಂಟ ಹುಡುಗರನ್ನು ಒಂದೆಡೆ ಗುಡ್ಡೆ ಹಾಕಿದರೆ ಅವರು ಪರಸ್ಪರ ಕಲಿಯುತ್ತಾರೆ. ಒಳ್ಳೆಯ ಉದ್ದೇಶದ ಯಾವ ಯೋಜನೆಯನ್ನೂ ಹೋಲಿಕೆ ಗುಂಪಿಲ್ಲದೆ ನಡೆಸಬಾರದು ಎಂದು ನಾನು ಹಟ ಹಿಡಿಯುವುದು ಇದಕ್ಕೇ.

ಈಗ ಎರಡನೇ ದಾರಿ. 1979ರಲ್ಲಿ ಲಾರೆನ್ಸ್ ಕೊಹೆನ್ ಮತ್ತು ಮಾರ್ಕಸ್ ಫೆಲ್ಸನ್ ಒಂದು ಒಗಟನ್ನು ಕೈಗೆತ್ತಿಕೊಂಡರು. ಎರಡನೇ ಮಹಾಯುದ್ಧದ ನಂತರ ಅಮೆರಿಕದಲ್ಲಿ ಆದಾಯ ಏರಿತು, ಶಿಕ್ಷಣ ಹೆಚ್ಚಿತು, ಆದರೂ ಕಳವು ಏರಿದ್ದೇಕೆ? ಅವರ ಉತ್ತರ: ಕಳ್ಳರ ಮನಸ್ಸು ಬದಲಾಗಬೇಕಿಲ್ಲ, ಎಲ್ಲರ ದಿನಚರಿ ಬದಲಾದರೆ ಸಾಕು. ಹೆಂಗಸರೂ ಹೊರಗೆ ದುಡಿಯಲು ಹೋದದ್ದರಿಂದ ಮನೆಗಳು ಹಗಲಿಡೀ ಖಾಲಿಯಾದವು. ಟಿವಿ, ರೇಡಿಯೊಗಳು ಹಗುರಾಗಿ ಒಬ್ಬನೇ ಎತ್ತಿಕೊಂಡು ಹೋಗುವಂತಾದವು. ಮನಸ್ಸಿರುವ ವ್ಯಕ್ತಿ, ತಕ್ಕ ವಸ್ತು, ತಡೆಯುವವರು ಯಾರೂ ಇಲ್ಲದಿರುವುದು, ಈ ಮೂರೂ ಒಂದೇ ಹೊತ್ತಿಗೆ ಒಂದೇ ಜಾಗದಲ್ಲಿ ಕೂಡಿದರೆ ಅಪರಾಧ. ಒಂದನ್ನು ತೆಗೆದರೂ ಸಾಕು, ಅದು ಆಗುವುದಿಲ್ಲ. ಮನಸ್ಸನ್ನು ತಿದ್ದಲು ವರ್ಷಗಳು ಬೇಕು. ಉಳಿದೆರಡನ್ನು ವಾರಗಳಲ್ಲಿ ಬದಲಿಸಬಹುದು.

ಇದು ಬರೀ ಬೀಗ ಮಾರುವವರ ತತ್ವ ಎಂದು ಮೂಗು ಮುರಿಯುವವರಿಗೆ ಪಶ್ಚಿಮ ಜರ್ಮನಿಯ ಎರಡು ಉದಾಹರಣೆ. 1960ರ ದಶಕದ ಆರಂಭದಲ್ಲಿ ಅಲ್ಲಿ ಹಳೆಯದು ಹೊಸದು ಎನ್ನದೆ ಎಲ್ಲ ಕಾರುಗಳಿಗೂ ಸ್ಟೀರಿಂಗ್ ಬೀಗ ಕಡ್ಡಾಯವಾಯಿತು. ಕಾರು ಕಳವು ಸುಮಾರು ಶೇ 60ರಷ್ಟು ಇಳಿದು ಅಲ್ಲೇ ನಿಂತಿತು. ಬ್ರಿಟನ್ 1971ರಲ್ಲಿ ಅದೇ ಬೀಗವನ್ನು ಹೊಸ ಕಾರುಗಳಿಗೆ ಮಾತ್ರ ಕಡ್ಡಾಯ ಮಾಡಿತು. ಕಳ್ಳರು ಹಳೆಯ ಕಾರುಗಳಿಗೆ ಹೋದರು. ಬೀಗ ಅದೇ, ಜಾರಿಗೆ ತಂದ ರೀತಿ ಬೇರೆ. ಎರಡನೆಯದು ಇನ್ನೂ ಸ್ವಾರಸ್ಯದ್ದು. ಹೆಲ್ಮೆಟ್ ಹಾಕದವರಿಗೆ ಸ್ಥಳದಲ್ಲೇ ದಂಡ ವಿಧಿಸುವುದು 1980ರಲ್ಲಿ ಶುರುವಾಯಿತು. ಆ ವರ್ಷ ಸುಮಾರು 1.5 ಲಕ್ಷ ಇದ್ದ ಮೋಟರ್‌ಸೈಕಲ್ ಕಳವು 1986ಕ್ಕೆ ಸುಮಾರು 54,000ಕ್ಕೆ ಇಳಿಯಿತು. ಕಣ್ಣಿಗೆ ಬಿದ್ದ ಬೈಕನ್ನು ಹಾಗೇ ಹತ್ತಿ ಓಡಿಸುವ ಹುಡುಗನ ಕೈಯಲ್ಲಿ ಹೆಲ್ಮೆಟ್ ಇರುವುದಿಲ್ಲವಲ್ಲ! ಕಾರು ಕಳವಾಗಲಿ ಸೈಕಲ್ ಕಳವಾಗಲಿ ಆ ಪ್ರಮಾಣದಲ್ಲಿ ಏರಲಿಲ್ಲ. ಕಳ್ಳತನ ತಡೆಯುವ ಉದ್ದೇಶವೇ ಇಲ್ಲದ ಕಾನೂನು ಅಷ್ಟು ಕಳವನ್ನು ಅಳಿಸಿತು ಎಂದರೆ, ‘ಕಳ್ಳನಾದವನು ಹೇಗಾದರೂ ಕದ್ದೇ ಕದಿಯುತ್ತಾನೆ’ ಎಂಬ ಮಾತಿಗೆ ಬಲವಿಲ್ಲ.

ಜಾಗದ ವಿಷಯದಲ್ಲೂ ಅಷ್ಟೇ. ಲಾರೆನ್ಸ್ ಶೆರ್ಮನ್ ಮತ್ತು ಸಂಗಡಿಗರು ಮಿನಿಯಾಪೊಲಿಸ್‌ನಲ್ಲಿ ಪೊಲೀಸರಿಗೆ ಒಂದು ವರ್ಷದಲ್ಲಿ ಬಂದ ಕರೆಗಳನ್ನೆಲ್ಲ ವಿಳಾಸವಾರು ವಿಂಗಡಿಸಿ 1989ರಲ್ಲಿ ತೋರಿಸಿದ್ದು: ಊರಿನ ಸುಮಾರು ಶೇ 3ರಷ್ಟು ವಿಳಾಸಗಳಿಂದ ಅರ್ಧದಷ್ಟು ಕರೆಗಳು. ಸಿಯಾಟಲ್‌ನಲ್ಲಿ ಡೇವಿಡ್ ವೈಸ್‌ಬರ್ಡ್ ತಂಡ 14 ವರ್ಷಗಳ ದಾಖಲೆ ನೋಡಿದಾಗ ಶೇ 4ರಿಂದ 5ರಷ್ಟು ಬೀದಿತುಂಡುಗಳಲ್ಲಿ ಅರ್ಧದಷ್ಟು ಅಪರಾಧ, ಅದೂ ವರ್ಷದಿಂದ ವರ್ಷಕ್ಕೆ ಹೆಚ್ಚುಕಡಿಮೆ ಅವೇ ತುಂಡುಗಳಲ್ಲಿ. ‘ಆ ಏರಿಯಾ ಸರಿ ಇಲ್ಲ’ ಎಂದು ನಾವು ಬಾಯಿಬಿಟ್ಟು ಹೇಳುವ ಬಡಾವಣೆಯ ಬಹುತೇಕ ಬೀದಿಗಳಲ್ಲಿ ಏನೂ ನಡೆಯುತ್ತಿರುವುದಿಲ್ಲ. ಒಂದು ಬಾರ್‌ನ ಹಿಂಬದಿ, ಒಂದು ಬಸ್ ನಿಲ್ದಾಣದ ಮೂಲೆ, ಅಷ್ಟೇ.

ಹಾಗಾದರೆ ಒಂದು ಊರಿನ ಒಂದು ಸಮಸ್ಯೆಯನ್ನು ಹೀಗೆ ಬಿಡಿಸುವುದು ಹೇಗೆ? ಸಮಸ್ಯೆಯನ್ನು ಆದಷ್ಟು ಕಿರಿದಾಗಿ ಹೆಸರಿಸುವುದರಿಂದ ಶುರು ಮಾಡಬೇಕು. ‘ವಾಹನ ಕಳವು ಹೆಚ್ಚಾಗಿದೆ’ ಎಂಬುದರಿಂದ ಎಲ್ಲೂ ಹೋಗಲಾಗದು. ‘ರೈಲು ನಿಲ್ದಾಣದ ಹೊರಗಿನ ನಿಲುಗಡೆಯಲ್ಲಿ, ವಾರದ ದಿನಗಳ ಹಗಲಿನಲ್ಲಿ ಬೈಕ್ ಕಳವು’ ಎಂದರೆ ಕೆಲಸ ಮಾಡಬಹುದು. ವಾಹನ ಕಳವಿನಲ್ಲೇ ಮೂರು ಬೇರೆಬೇರೆ ದಂಧೆಗಳಿವೆ, ಕದ್ದ ವಾಹನಕ್ಕೆ ಏನಾಯಿತು ಎಂಬುದು ಅವನ್ನು ಬೇರ್ಪಡಿಸುತ್ತದೆ. ಒಂದೆರಡು ದಿನದಲ್ಲಿ ಪೆಟ್ರೋಲ್ ಮುಗಿದ ಸ್ಥಿತಿಯಲ್ಲಿ ಇಡಿಯಾಗಿ ಸಿಕ್ಕರೆ ಅದು ಸುತ್ತಾಡಲು ಒಯ್ದದ್ದು. ಅಸ್ಥಿಪಂಜರ ಸಿಕ್ಕರೆ ಬಿಡಿಭಾಗಕ್ಕೆ. ಸಿಗದೇ ಹೋದರೆ ಮಾರಾಟಕ್ಕೆ. ಮೂರಕ್ಕೂ ಮದ್ದು ಬೇರೆ: ಮೊದಲನೆಯದಕ್ಕೆ ಒಳ್ಳೆಯ ಬೀಗ, ಎರಡನೆಯದಕ್ಕೆ ಗುಜರಿ ಅಂಗಡಿಗಳ ಖರೀದಿ ಲೆಕ್ಕ, ಮೂರನೆಯದಕ್ಕೆ ನೋಂದಣಿ ಕಚೇರಿಯ ತಪಾಸಣೆ. ಮೂರನ್ನೂ ಒಂದೇ ಅಂಕಿಯಲ್ಲಿ ಕೂಡಿಸಿಟ್ಟರೆ ಯಾವ ಕ್ರಮದ ಪರಿಣಾಮವೂ ಕಣ್ಣಿಗೆ ಬೀಳುವುದಿಲ್ಲ.

ನಂತರ ದಾಖಲೆ ಶುದ್ಧಿ. ಅರ್ಧ ಶ್ರಮ ಇಲ್ಲೇ ಖರ್ಚಾಗುತ್ತದೆ, ಆಗಲೇಬೇಕು. ದೂರು ಕೊಟ್ಟ ದಿನಾಂಕವನ್ನು ಘಟನೆಯ ದಿನಾಂಕ ಎಂದುಕೊಳ್ಳಬಾರದು. ರಾತ್ರಿ 12ಕ್ಕೆ ದಿಢೀರನೆ ಎತ್ತರದ ಕಂಬ ಎದ್ದರೆ ಅದು ಸಮಯ ಗೊತ್ತಿಲ್ಲದಾಗ ತಂತ್ರಾಂಶ ತುಂಬಿದ 00:00. ತಿಂಗಳ ಒಂದನೇ ತಾರೀಖಿನ ಗುಪ್ಪೆಗೂ ಸಾಮಾನ್ಯವಾಗಿ ಇದೇ ಕಾರಣ. ನಕಾಶೆಯಲ್ಲಿ ಠಾಣೆಯ ಕಟ್ಟಡದ ಮೇಲೇ ದೊಡ್ಡ ಕೆಂಪು ಚುಕ್ಕೆ ಬಂದರೆ, ವಿಳಾಸ ಸಿಗದ ಪ್ರಕರಣಗಳನ್ನೆಲ್ಲ ಯಾರೋ ಅಲ್ಲಿಗೆ ಹಾಕಿದ್ದಾರೆ. ಅತಿ ಹೆಚ್ಚು ಪ್ರಕರಣ ಬಿದ್ದ ಹತ್ತು ಬಿಂದುಗಳ ಕಡತಗಳನ್ನು ಕೈಯಾರೆ ತೆರೆದು ಓದದೆ ಮುಂದೆ ಹೋಗಬೇಡಿ.

ಸಮಯದ ಲೆಕ್ಕದಲ್ಲಿ ಬಹಳ ಮಂದಿ ಎಡವುತ್ತಾರೆ. ಬೆಳಿಗ್ಗೆ 8ಕ್ಕೆ ಬೈಕ್ ನಿಲ್ಲಿಸಿದವರು ಸಂಜೆ 6ಕ್ಕೆ ಬಂದಾಗ ಅದು ಇರಲಿಲ್ಲ. ಕಳವು ಯಾವಾಗ ಆಯಿತು? ನಡುವಿನ ಸಮಯ ಎಂದು ಮಧ್ಯಾಹ್ನ 1 ಗಂಟೆ ಬರೆದುಕೊಂಡರೆ, ಕಚೇರಿಗೆ ಹೋಗುವವರ ದೂರುಗಳೆಲ್ಲ ಸೇರಿ ಮಧ್ಯಾಹ್ನಕ್ಕೆ ಸುಳ್ಳು ಶಿಖರ ಎಬ್ಬಿಸುತ್ತವೆ, ಗಸ್ತು ಊಟದ ಹೊತ್ತಿನಲ್ಲಿ ಬಂದು ನಿಲ್ಲುತ್ತದೆ. ಸರಿಯಾದ ಕ್ರಮ, ಆ 10 ಗಂಟೆಗಳಲ್ಲಿ ಪ್ರತಿಯೊಂದಕ್ಕೂ 0.1 ಕೊಡುವುದು. 9ರಿಂದ 11ರ ನಡುವೆ ಎಂದು ಖಚಿತವಾಗಿ ಹೇಳಿದವರ ದೂರು ಆ ಎರಡು ಗಂಟೆಗಳಿಗೆ ತಲಾ 0.5 ಕೊಡುತ್ತದೆ. ನೂರಾರು ದೂರುಗಳ ಈ ಚೂರುಗಳನ್ನು ಗಂಟೆವಾರು ಕೂಡಿಸಿದರೆ ನಿಜದ ಶಿಖರ ಮೇಲೇಳುತ್ತದೆ.

ಎಣಿಕೆಗಿಂತ ದರ ಮುಖ್ಯ, ದರಕ್ಕೆ ಸರಿಯಾದ ಛೇದ ಬೇಕು. ದಿನಕ್ಕೆ 2,000 ವಾಹನ ನಿಲ್ಲುವ ಜಾಗದಲ್ಲಿ ವರ್ಷಕ್ಕೆ 40 ಕಳವು, 150 ವಾಹನ ನಿಲ್ಲುವ ಇನ್ನೊಂದರಲ್ಲಿ 12. ಪಟ್ಟಿಯಲ್ಲಿ ಮೊದಲನೆಯದು ಮೇಲೆ ಬರುತ್ತದೆ. ಸಾವಿರ ವಾಹನಕ್ಕೆ ಲೆಕ್ಕ ಹಾಕಿದರೆ ಅಲ್ಲಿ 20, ಇಲ್ಲಿ 80. ನಾಲ್ಕು ಪಟ್ಟು ಅಪಾಯ ಇರುವುದು ಚಿಕ್ಕದರಲ್ಲಿ, ಏನೋ ತಪ್ಪಾಗಿರುವುದೂ ಅಲ್ಲೇ. ಬೆಳಕಿಲ್ಲವೋ, ಹೊರಹೋಗಲು ಎರಡನೇ ದಾರಿ ಇದೆಯೋ, ಕಾವಲುಗಾರ ಚೀಟಿಯನ್ನು ನೋಡುತ್ತಿಲ್ಲವೋ, ಅದನ್ನು ನಕಾಶೆ ಹೇಳುವುದಿಲ್ಲ. ಕಳವಿನ ಹೊತ್ತಿನಲ್ಲೇ ಅಲ್ಲಿ ಹೋಗಿ ನಿಲ್ಲಬೇಕು.

ಒಮ್ಮೆ ಕಳವಾದ ಮನೆಗೇ ಮತ್ತೆ ಕಳ್ಳ ಬರುವುದು ಜನ ನಂಬದ, ಆದರೆ ದಾಖಲೆಗಳಲ್ಲಿ ಮತ್ತೆಮತ್ತೆ ಕಾಣುವ ಸಂಗತಿ. ಬಂದರೆ ಬೇಗ ಬರುತ್ತಾನೆ, ಮೊದಲ ಕೆಲವು ವಾರಗಳಲ್ಲೇ. ಒಳಗಿನ ದಾರಿ ಗೊತ್ತು, ಕದ್ದ ವಸ್ತುವಿನ ಜಾಗಕ್ಕೆ ಹೊಸದು ಬಂದಿರುತ್ತದೆ ಎಂಬುದೂ ಗೊತ್ತು. ಅಕ್ಕಪಕ್ಕದ ಮನೆಗಳಿಗೂ ಆ ವಾರಗಳಲ್ಲಿ ಅಪಾಯ ಏರುತ್ತದೆ. 1980ರ ದಶಕದ ಕೊನೆಗೆ ಇಂಗ್ಲೆಂಡಿನ ರೋಚ್‌ಡೇಲ್‌ನ ಕರ್ಕ್‌ಹೋಲ್ಟ್ ಬಡಾವಣೆಯಲ್ಲಿ ಇದನ್ನೇ ಹಿಡಿದು ಕೆಲಸ ಮಾಡಿದರು. ನಾಣ್ಯ ಹಾಕುವ ಗ್ಯಾಸ್ ಮತ್ತು ವಿದ್ಯುತ್ ಮೀಟರ್‌ಗಳಲ್ಲಿ ನಗದು ಕೂಡಿಡುತ್ತಿದ್ದುದೇ ಅಲ್ಲಿ ಕಳ್ಳರಿಗೆ ಆಮಿಷ. ಕಳವಾದ ಮನೆಗಳ ಮೀಟರ್ ಬದಲಿಸಿ, ಮುರಿದ ಬಾಗಿಲು ಕಿಟಕಿಗಳನ್ನು ಭದ್ರಪಡಿಸಿ, ಸುತ್ತಲಿನ ಐದಾರು ಮನೆಯವರನ್ನು ಕಣ್ಣಿಡಲು ಒಪ್ಪಿಸಿದರು. ಇಡೀ ಬಡಾವಣೆಗೆ ಹಣ ಹಂಚಲಿಲ್ಲ, ಕಳವಾದ ಮನೆಗಳಿಗೆ ಮೊದಲು ಕೊಟ್ಟರು. ಮೂರು ವರ್ಷಗಳಲ್ಲಿ ಮನೆಗಳವು ನಾಲ್ಕರಲ್ಲಿ ಒಂದು ಪಾಲಿಗೆ ಇಳಿಯಿತು.

ಎಲ್ಲಿ ತಡೆಯಬೇಕು ಎಂಬುದನ್ನು ಕಂಡುಕೊಳ್ಳಲು ಡೆರೆಕ್ ಕಾರ್ನಿಶ್ 1994ರಲ್ಲಿ ಸೂಚಿಸಿದ ವಿಧಾನ ಉಪಯುಕ್ತ: ಅಪರಾಧವನ್ನು ಹೆಜ್ಜೆಹೆಜ್ಜೆಯಾಗಿ ಬರೆಯುವುದು, ಅಂದರೆ ಅದರ ಸ್ಕ್ರಿಪ್ಟ್. ಬೈಕ್ ಕಳವಿನದ್ದು ಹೀಗಿರಬಹುದು. ಗಿರಾಕಿಯಿಂದ ಬೇಡಿಕೆ, ಉಪಕರಣ, ನಿಲುಗಡೆಗೆ ಪ್ರವೇಶ, ಆಯ್ಕೆ, ಬೀಗ ಮುರಿಯುವುದು, ಹೊರಹೋಗುವುದು, ಬಚ್ಚಿಡುವುದು, ನಂಬರ್ ಪ್ಲೇಟ್ ಬದಲು, ಮಾರಾಟ. ಪ್ರತಿ ಹೆಜ್ಜೆಯ ಎದುರು ಯಾರು, ಯಾವ ಸಾಧನ, ಯಾರ ಕಣ್ಣಿಗೆ ಬೀಳಬಹುದಿತ್ತು ಎಂದು ಬರೆಯಿರಿ. ನಮ್ಮ ಗಮನವೆಲ್ಲ ಬೀಗದ ಮೇಲಿರುತ್ತದೆ, ಆದರೆ ಅಗ್ಗದ ತಡೆ ಹೆಚ್ಚಾಗಿ ಹೊರಹೋಗುವ ಗೇಟಿನಲ್ಲಿ ಅಥವಾ ಕೊಳ್ಳುವವನಲ್ಲಿ ಸಿಗುತ್ತದೆ. ಸ್ಕ್ರಿಪ್ಟ್ ಊಹೆಯಿಂದ ಬರೆದದ್ದಾಗಬಾರದು. ಸಿಕ್ಕಿಬಿದ್ದವರನ್ನು ಕೂರಿಸಿ ‘ಯಾಕೆ ಮಾಡಿದೆ’ ಎಂದರೆ ಕಷ್ಟದ ಕಥೆ ಬರುತ್ತದೆ. ‘ಆ ಸಾಲಿನಲ್ಲಿ ಇದೇ ಬೈಕ್ ಯಾಕೆ, ಯಾವುದನ್ನು ಬಿಟ್ಟೆ’ ಎಂದರೆ ಕೆಲಸಕ್ಕೆ ಬರುವ ಉತ್ತರ ಬರುತ್ತದೆ.

ಬಿಳಿ ಕಾಲರ್ ಅಪರಾಧಕ್ಕೂ, ಅಂದರೆ ಹುದ್ದೆಯಲ್ಲಿದ್ದುಕೊಂಡೇ ಮಾಡುವ ಹಣದ ವಂಚನೆಗೂ, ಇದು ಹೊಂದುತ್ತದೆ, ಒಂದು ಸೇರ್ಪಡೆಯೊಂದಿಗೆ. ನಂಬಿಕೆಯ ಹುದ್ದೆಯಲ್ಲಿದ್ದು ಹಣ ನುಂಗಿದವರನ್ನು ಮಾತಾಡಿಸಿ ಡೊನಾಲ್ಡ್ ಕ್ರೆಸ್ಸಿ 1953ರಲ್ಲಿ ಬರೆದದ್ದು: ಯಾರೊಂದಿಗೂ ಹೇಳಿಕೊಳ್ಳಲಾಗದ ಹಣದ ತೊಂದರೆ, ಗುಟ್ಟಾಗಿ ತೀರಿಸಿಕೊಳ್ಳುವ ಅವಕಾಶ, ‘ಸಾಲ ತಗೊಂಡಿದ್ದೇನೆ, ವಾಪಸ್ ಇಡುತ್ತೇನೆ’ ಎಂಬ ಸಮಜಾಯಿಷಿ. ಮೂರನೆಯದು ಕೃತ್ಯದ ನಂತರ ಹುಟ್ಟುವುದಿಲ್ಲ, ಮೊದಲೇ ಇರುತ್ತದೆ. ಹಾಗಾಗಿ ಸಂಸ್ಥೆಗಳಲ್ಲಿ ಎರಡು ಸಹಿ, ವರ್ಷಕ್ಕೊಮ್ಮೆ ಕಡ್ಡಾಯ ರಜೆ (ಆಗ ಲೆಕ್ಕ ಇನ್ನೊಬ್ಬರ ಕೈಗೆ ಹೋಗುತ್ತದೆ) ಇವುಗಳ ಜೊತೆಗೆ, ನಗದನ್ನು ಒಂದು ದಿನಕ್ಕೂ ಸ್ವಂತಕ್ಕೆ ಬಳಸಿದರೆ ಅದು ಕಳವು ಎಂದು ಬರವಣಿಗೆಯಲ್ಲಿ ಹೇಳುವುದೂ ನಿಜವಾದ ತಡೆ.

ಮನೆಯೊಳಗಿನ ಹಿಂಸೆಗೆ ಮಾತ್ರ ಈ ದಾರಿ ಕುಂಟುತ್ತದೆ. ಅಲ್ಲಿ ಕಾಯಬೇಕಾದವನೇ ಹೊಡೆಯುವವನು, ಹೆಚ್ಚಿನವು ದಾಖಲಾಗುವುದೂ ಇಲ್ಲ. ನಕಾಶೆಯಲ್ಲಿ ತಣ್ಣಗಿರುವ ಬೀದಿಯಲ್ಲಿ ದಿನವೂ ನಡೆಯುತ್ತಿರಬಹುದು. ಇಂಥ ಅಪರಾಧಕ್ಕೆ ಠಾಣೆಯ ಅಂಕಿಗಿಂತ ಜನರನ್ನೇ ಕೇಳುವ ಸಂತ್ರಸ್ತರ ಸಮೀಕ್ಷೆ ಬೇಕು. ಅಮೆರಿಕದಲ್ಲಿ 1970ರ ದಶಕದಿಂದ, ಬ್ರಿಟನ್ನಿನಲ್ಲಿ 1982ರಿಂದ ಇವು ನಡೆಯುತ್ತಿವೆ. ದೂರು ಕೊಡುವುದು ಸುಲಭವಾದ ವರ್ಷ ದೂರುಗಳು ಏರುತ್ತವೆ. ಅದನ್ನು ವೈಫಲ್ಯ ಎಂದು ಓದಿದ ಅಧಿಕಾರಿ ಮುಂದಿನ ವರ್ಷ ದೂರು ತೆಗೆದುಕೊಳ್ಳದಿರುವಂತೆ ನೋಡಿಕೊಳ್ಳುತ್ತಾನೆ, ಇದಕ್ಕಿಂತ ಕೆಟ್ಟ ಫಲ ಇನ್ನೊಂದಿಲ್ಲ.

ಕ್ರಮ ಕೈಗೊಂಡ ಮೇಲೆ ಅಳೆಯುವುದಕ್ಕೆ ಬರೋಣ. ಗಸ್ತು ಹೆಚ್ಚಿಸಿದೆವು, ಕಳವು ಇಳಿಯಿತು ಎಂಬುದು ಸಾಕ್ಷ್ಯವಲ್ಲ. ಕನ್ಸಾಸ್ ಸಿಟಿಯಲ್ಲಿ 1972–73ರಲ್ಲಿ 15 ಗಸ್ತು ವಲಯಗಳಲ್ಲಿ ಕೆಲವದರಲ್ಲಿ ವಾಡಿಕೆಯ ಗಸ್ತು ನಿಲ್ಲಿಸಿ, ಕೆಲವದರಲ್ಲಿ ಎರಡು ಮೂರು ಪಟ್ಟು ಮಾಡಿ, ಉಳಿದವನ್ನು ಹಾಗೇ ಬಿಟ್ಟು ನೋಡಿದಾಗ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಊರೆಲ್ಲ ಚದುರಿದ ಗಸ್ತು ನೀರಿಗೆ ಬಿದ್ದಂತೆ. ಅದೇ ಸಮಯವನ್ನು ಅಪರಾಧ ಸಾಂದ್ರವಾದ ಬೀದಿತುಂಡುಗಳಿಗೆ ಕೊಟ್ಟ ಪ್ರಯೋಗಗಳಲ್ಲಿ ಇಳಿಕೆ ಸಿಕ್ಕಿತು. ಒಂದು ಕಡೆ 10ರಿಂದ 15 ನಿಮಿಷ ನಿಂತು, ಮುಂದೆ ಹೋಗಿ, ಹೊತ್ತು ಹೇಳದೆ ಮತ್ತೆ ಬರುವುದು ಉತ್ತಮ ಎಂದು ಮಿನಿಯಾಪೊಲಿಸ್ ದತ್ತಾಂಶದಿಂದ ಕ್ರಿಸ್ಟೊಫರ್ ಕೋಪರ್ 1995ರಲ್ಲಿ ತೋರಿಸಿದ. ಅದಕ್ಕಿಂತ ಹೆಚ್ಚು ನಿಂತರೆ ಹೆಚ್ಚುವರಿ ಲಾಭ ಕುಸಿಯುತ್ತದೆ.

ಅಳೆಯುವಾಗ ಎರಡು ಬಲೆಗಳಿವೆ. ಅತಿ ಕೆಟ್ಟ ತಿಂಗಳು ಕಂಡ ಬೀದಿಯನ್ನೇ ಆರಿಸಿದರೆ, ಏನೂ ಮಾಡದಿದ್ದರೂ ಮುಂದಿನ ತಿಂಗಳು ಇಳಿಯುತ್ತದೆ. ಸಣ್ಣ ಸಂಖ್ಯೆಗಳು ತಾವಾಗಿಯೇ ಕುಣಿಯುತ್ತವೆ: ಸರಾಸರಿಯ ವರ್ಗಮೂಲದ ಸುಮಾರು ಎರಡು ಪಟ್ಟಿನಷ್ಟು ಆಚೀಚೆ ಆಗುವುದು ಬರೀ ಆಕಸ್ಮಿಕವಿರಬಹುದು. ತಿಂಗಳಿಗೆ ಸರಾಸರಿ 9 ಕಳವು ಇರುವಲ್ಲಿ ವರ್ಗಮೂಲ 3, ಅದರ ಎರಡು ಪಟ್ಟು 6, ಆದ್ದರಿಂದ 3ರಿಂದ 15ರವರೆಗಿನ ಏರಿಳಿತಕ್ಕೆ ಕಾರಣ ಹುಡುಕುವುದು ವ್ಯರ್ಥ. 4 ಇದ್ದದ್ದು 8 ಆದಾಗ ‘ಶೇ 100 ಏರಿಕೆ’ ಎಂದು ಬರೆಯುವ ತಲೆಬರಹಗಳು ಇದನ್ನು ಮರೆತವು.

ಅಪರಾಧ ಪಕ್ಕದ ಬೀದಿಗೆ ಸರಿಯಿತೇ ಎಂಬುದನ್ನೂ ಅಳೆಯಬಹುದು. ಕ್ರಮ ಕೈಗೊಂಡ ಜಾಗ, ಅದರ ಸುತ್ತಲಿನ ಪಟ್ಟಿ, ದೂರದ ಹೋಲಿಕೆ ಪ್ರದೇಶ, ಮೂರೂ ಬೇಕು. ಜಾಗದಲ್ಲಿ 60 ಇದ್ದದ್ದು 36, ಪಟ್ಟಿಯಲ್ಲಿ 40 ಇದ್ದದ್ದು 46, ಹೋಲಿಕೆ ಪ್ರದೇಶದಲ್ಲಿ 300 ಇದ್ದದ್ದು 300ರಲ್ಲೇ ಉಳಿಯಿತು ಎನ್ನಿ. ಮೊದಲೆರಡನ್ನೂ 300ರಿಂದ ಭಾಗಿಸಿ ಬದಲಾವಣೆ ತೆಗೆದರೆ ಪಟ್ಟಿಯದು 0.02 ಏರಿಕೆ, ಜಾಗದ್ದು 0.08 ಇಳಿಕೆ. ಉಳಿಸಿದ್ದರಲ್ಲಿ ಕಾಲು ಭಾಗ ಸರಿದುಹೋಯಿತು, ಮುಕ್ಕಾಲು ಉಳಿಯಿತು. ಇಂಥ 102 ಅಧ್ಯಯನಗಳನ್ನು ರಾಬ್ ಗೆರೆಟ್ ಮತ್ತು ಕೇಟ್ ಬವರ್ಸ್ 2009ರಲ್ಲಿ ಪರಿಶೀಲಿಸಿದಾಗ, ಸರಿಯುವಿಕೆ ಕಂಡದ್ದು ಸುಮಾರು ಕಾಲುಭಾಗ ಸಂದರ್ಭಗಳಲ್ಲಿ. ಪಕ್ಕದಲ್ಲೂ ಅಪರಾಧ ಇಳಿದದ್ದು ಹೆಚ್ಚುಕಡಿಮೆ ಅಷ್ಟೇ ಸಂದರ್ಭಗಳಲ್ಲಿ.

ಪಟ್ಟಿಯ ಅಗಲ ತೀರಾ ದೊಡ್ಡದಾದರೆ ಸರಿಯುವಿಕೆ ಅದರಲ್ಲಿ ಕರಗಿ ಕಾಣುವುದಿಲ್ಲ, ಒಂದೆರಡು ಬೀದಿ ಸಾಕು. ಕ್ರಮಕ್ಕೆ ಮುಂಚಿನ ಕನಿಷ್ಠ 12 ತಿಂಗಳು, ನಂತರದ 12 ತಿಂಗಳು ಹೋಲಿಸಿ, ಇಲ್ಲವಾದರೆ ಋತುವಿನ ಏರಿಳಿತ ನಿಮ್ಮ ಸಾಧನೆಯಂತೆ ಕಾಣುತ್ತದೆ. ಆ ಅವಧಿ ಮುಗಿದ ಮೇಲೆ ಸ್ಕ್ರಿಪ್ಟನ್ನು ಮತ್ತೆ ಬರೆಯಿರಿ. ಸರಿಯಾದ ಕೀಲಿಯಿಲ್ಲದೆ ಎಂಜಿನ್ ಶುರುವಾಗದಂತೆ ತಡೆಯುವ ಎಲೆಕ್ಟ್ರಾನಿಕ್ ಇಮ್ಮೊಬಿಲೈಸರ್ ಬಂದ ಮೇಲೆ ತಂತಿ ಜೋಡಿಸಿ ಕಾರು ಓಡಿಸುವ ಹೆಜ್ಜೆ ಅಳಿಸಿಹೋಯಿತು. ಕೀಲಿ ತಿರುಗಿಸದೆ ಓಡುವ ಕಾರು ಬಂದ ಮೇಲೆ ಮನೆಯೊಳಗಿನ ಕೀಲಿಯ ಸಂಕೇತವನ್ನು ಹೊರಗಿನಿಂದ ಹಿಡಿದು ಕಾರಿಗೆ ದಾಟಿಸುವ ಹೊಸ ಹೆಜ್ಜೆ ಸೇರಿತು. ಹಳೆಯ ಸ್ಕ್ರಿಪ್ಟ್ ಇಟ್ಟುಕೊಂಡು ಸ್ಟೀರಿಂಗ್ ಬೀಗ ಪರೀಕ್ಷಿಸುವವರಿಗೆ ಆ ಹೆಜ್ಜೆ ಕಾಣುವುದೇ ಇಲ್ಲ.